ಕ್ಯಾಲ್ಸಿಯಂ ರಿಯಾಕ್ಟರ್ ಕೂರಿಸಿದ ಮೇಲೆ ತೊಟ್ಟಿಯ ಪಿಎಚ್ 7.7ಕ್ಕೆ ಇಳಿದಿದೆ: ಸೆಟ್ಟಿಂಗ್ ಹೇಗಿರಬೇಕು?

ಹವಳದೋಟ (ಮಿನಿಯಾಪೊಲಿಸ್)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ನೆಲಮಾಳಿಗೆಯಲ್ಲಿ 120 ಗ್ಯಾಲನ್ನಿನ ಹವಳದ ತೊಟ್ಟಿಯಿದೆ. ಸಂಪ್ (ನೀರು ಶೋಧಿಸುವ ಉಪಕರಣಗಳಿರುವ ಪಕ್ಕದ ತೊಟ್ಟಿ) ಸೇರಿಸಿ, ಕಲ್ಲು ಮತ್ತು ಮರಳು ತುಂಬಿರುವ ಜಾಗವನ್ನು ಕಳೆದರೆ ನೀರಿನ ಒಟ್ಟು ಪ್ರಮಾಣ ಸುಮಾರು 450 ಲೀಟರ್ ಆಗುತ್ತದೆ. ಹವಳಗಳಲ್ಲಿ ಹೆಚ್ಚಿನವು ಅಕ್ರೊಪೊರಾ ಮತ್ತು ಮಾಂಟಿಪೊರಾ. ನೀರಿನ ಸೆಳೆತ ಕಡಿಮೆಯಿರುವ ಬದಿಯಲ್ಲಿ ಒಂದಷ್ಟು ಯೂಫಿಲಿಯಾ ಹವಳಗಳಿವೆ.

ಈಚಿನವರೆಗೂ ಡೋಸಿಂಗ್ ಪಂಪಿನ ಮೂಲಕ ಎರಡು ದ್ರಾವಣಗಳನ್ನು ಹಾಕುತ್ತಿದ್ದೆ: ಒಂದರಲ್ಲಿ ಕ್ಯಾಲ್ಸಿಯಂ ಕ್ಲೋರೈಡ್, ಇನ್ನೊಂದರಲ್ಲಿ ಸೋಡಿಯಂ ಕಾರ್ಬೊನೇಟ್. ಹವಳಗಳು ಬೆಳೆದಂತೆ ದ್ರಾವಣದ ಖರ್ಚು ಏರುತ್ತಾ ಹೋದದ್ದರಿಂದ ಅಕ್ಟೋಬರ್ ಕೊನೆಯಲ್ಲಿ ಅವನ್ನು ನಿಲ್ಲಿಸಿ, ಇಂಗಾಲದ ಡೈಆಕ್ಸೈಡ್ ಬೆರೆಸಿದ ನೀರಿನಲ್ಲಿ ಸುಣ್ಣದ ಹರಳುಗಳನ್ನು ಕರಗಿಸಿ ತೊಟ್ಟಿಗೆ ಕೊಡುವ ಕ್ಯಾಲ್ಸಿಯಂ ರಿಯಾಕ್ಟರ್ ಕೂರಿಸಿದೆ. ಒರಟಾದ ಅರಗೊನೈಟ್ ಮೀಡಿಯಾ (ಕರಗಬೇಕಾದ ಸುಣ್ಣದ ಹರಳುಗಳು), ಇಂಗಾಲದ ಡೈಆಕ್ಸೈಡಿನ 5 ಪೌಂಡಿನ ಸಿಲಿಂಡರ್, ಸೊಲೆನಾಯ್ಡ್ (ವಿದ್ಯುತ್ತಿನಿಂದ ತೆರೆದು ಮುಚ್ಚುವ ವಾಲ್ವ್) ಇರುವ ರೆಗ್ಯುಲೇಟರ್ ಮತ್ತು ಪಿಎಚ್ ಕಂಟ್ರೋಲರ್ ಇವೆ. ಕಂಟ್ರೋಲರನ್ನು 6.5ಕ್ಕೆ ಇಟ್ಟಿದ್ದೇನೆ. ರಿಯಾಕ್ಟರಿನಿಂದ ಹೊರಬರುವ ನೀರಿನ ಹರಿವು ನಿಮಿಷಕ್ಕೆ 50 ಮಿಲಿಲೀಟರ್, ಆ ನೀರಿನ ಕ್ಷಾರೀಯತೆ 17 ಡಿಕೆಎಚ್ (ಕ್ಷಾರೀಯತೆ ಅಳೆಯುವ ಮಾನ).

ತೊಟ್ಟಿಯ ಇತರ ಅಳತೆಗಳಲ್ಲಿ ನನಗೆ ದೋಷ ಕಾಣುತ್ತಿಲ್ಲ. ಲವಣಾಂಶ ಸಾವಿರಕ್ಕೆ 35, ಉಷ್ಣತೆ 25.5 ಡಿಗ್ರಿ ಸೆಲ್ಸಿಯಸ್, ಕ್ಯಾಲ್ಸಿಯಂ ಲೀಟರಿಗೆ 420 ಮಿಲಿಗ್ರಾಂ, ಮೆಗ್ನೀಸಿಯಂ 1,310 ಮಿಲಿಗ್ರಾಂ, ಕ್ಷಾರೀಯತೆ 8 ಡಿಕೆಎಚ್‌ನಲ್ಲಿ ಅಲುಗಾಡದೆ ನಿಂತಿದೆ. ಕಳವಳ ಹುಟ್ಟಿಸಿರುವುದು ಪಿಎಚ್ ಮಾತ್ರ. ಬೇಸಿಗೆಯಲ್ಲಿ ಬೆಳಗಿನ ಜಾವ 8.0, ಸಂಜೆ 8.3 ತೋರಿಸುತ್ತಿದ್ದ ಮೀಟರು ಈಗ ದೀಪ ಹೊತ್ತುವ ಮುಂಚೆ 7.7, ಸಂಜೆಗೆ 7.95 ತೋರಿಸುತ್ತಿದೆ. ಹವಳಗಳ ಬಣ್ಣ ಮಾಸಿಲ್ಲ. ಆದರೆ ಅಕ್ರೊಪೊರಾದ ತುದಿಗಳಲ್ಲಿ ಬೆಳವಣಿಗೆಯ ಬಿಳಿ ಅಂಚು ಮೊದಲಿನಷ್ಟು ಸ್ಪಷ್ಟವಾಗಿ ಕಾಣುತ್ತಿಲ್ಲ.

ರಿಯಾಕ್ಟರಿನ ಪಿಎಚ್ ಅನ್ನು ಮೇಲಕ್ಕೇರಿಸಬೇಕೇ, ಹರಿವನ್ನು ಬದಲಿಸಬೇಕೇ, ಅಥವಾ ರಿಯಾಕ್ಟರ್ ಬಿಟ್ಟು ಹಳೆಯ ದ್ರಾವಣಗಳಿಗೇ ಮರಳುವುದು ಮೇಲೇ ಎಂಬುದನ್ನು ಅನುಭವವಿರುವವರು ತಿಳಿಸಬೇಕೆಂದು ಕೋರುತ್ತೇನೆ.

ಉಪ್ಪುನೀರು (ಎಡಿಸನ್, ನ್ಯೂಜೆರ್ಸಿ)

ರಿಯಾಕ್ಟರನ್ನು ಬಿಡಬೇಕಾದ ಅಗತ್ಯವಿಲ್ಲ. ಅದರೊಳಗೆ ಹೋಗುವ ಇಂಗಾಲದ ಡೈಆಕ್ಸೈಡ್ ಪೂರ್ತಿಯಾಗಿ ಮೀಡಿಯಾ ಕರಗಿಸಲು ಬಳಕೆಯಾಗುವುದಿಲ್ಲ. ಉಳಿದದ್ದು ಹೊರನೀರಿನ ಜೊತೆಗೇ ಸಂಪಿಗೆ ಬರುತ್ತದೆ. ನಿಮ್ಮ ಹೊರನೀರು 6.5 ಪಿಎಚ್‌ನಲ್ಲಿದ್ದರೂ ಅದರ ಕ್ಷಾರೀಯತೆ 17 ಮಾತ್ರ ಇರುವುದನ್ನು ನೋಡಿದರೆ ನೀರು ಮೀಡಿಯಾದ ನಡುವೆ ಸಾಕಷ್ಟು ಹೊತ್ತು ನಿಲ್ಲದೆ ಓಡುತ್ತಿದೆ ಎಂದೇ ತೋರುತ್ತದೆ. ಆ ಪಿಎಚ್‌ಗೆ 25ರ ಮೇಲೆ ಬರಬೇಕಿತ್ತು.

ಹರಿವನ್ನು ನಿಮಿಷಕ್ಕೆ 25 ಮಿಲಿಲೀಟರಿಗೆ ಇಳಿಸಿ, ಅನಿಲದ ಗುಳ್ಳೆಗಳ ಸಂಖ್ಯೆಯನ್ನೂ ಅದಕ್ಕೆ ತಕ್ಕಂತೆ ತಗ್ಗಿಸಿ, ಕಂಟ್ರೋಲರನ್ನು 6.8ಕ್ಕೆ ಇಡಿ. ಸಾಧ್ಯವಾದರೆ ಎರಡನೆಯ ಕೊಳವೆಯೊಂದನ್ನು ಸೇರಿಸಿ ಅದರಲ್ಲೂ ಮೀಡಿಯಾ ತುಂಬಿ. ಮೊದಲ ಕೊಳವೆಯಿಂದ ಬಂದ ನೀರು ಇಂಗಾಲದ ಡೈಆಕ್ಸೈಡ್ ಹೊಸದಾಗಿ ಸೇರದ ಈ ಎರಡನೆಯದನ್ನು ಹಾದು ಹೋಗುವಾಗ, ಬಳಕೆಯಾಗದೆ ಉಳಿದಿದ್ದ ಅನಿಲವೂ ಒಂದಷ್ಟು ಮೀಡಿಯಾ ಕರಗಿಸಿ ಮುಗಿಯುತ್ತದೆ. ಹೊರನೀರಿನ ಕೊಳವೆಯನ್ನು ಸ್ಕಿಮ್ಮರ್ (ಗಾಳಿಗುಳ್ಳೆಗಳಿಂದ ಕೊಳೆಯನ್ನು ನೊರೆಯಾಗಿ ತೆಗೆಯುವ ಸಾಧನ) ನೀರೆಳೆಯುವ ಕೋಣೆಯಲ್ಲೇ ಬಿಡಿ. ಅಲ್ಲಿ ಗಾಳಿಯೊಂದಿಗೆ ಬೆರೆತು ಅನಿಲ ಬೇಗ ಹೊರಬೀಳುತ್ತದೆ. ಸಂಪಿನಲ್ಲಿ ಕೀಟೊಮಾರ್ಫಾ ಪಾಚಿಯಿದ್ದರೆ ಅದರ ದೀಪವನ್ನು ರಾತ್ರಿ ಹೊತ್ತಿಸುವುದರಿಂದ ಬೆಳಗಿನ ಕುಸಿತ ಕೊಂಚ ತಗ್ಗುತ್ತದೆ.

ಕಡಲತಡಿ (ಶಾರ್ಜಾ)

ಹರಿವಿನ ವಿಷಯದಲ್ಲಿ ಮೇಲಿನ ಸಲಹೆಯನ್ನು ಒಪ್ಪುತ್ತೇನೆ, 6.8ರ ವಿಷಯದಲ್ಲಿ ಒಪ್ಪಲಾರೆ. ಅರಗೊನೈಟ್ ಚೆನ್ನಾಗಿ ಕರಗಬೇಕಾದರೆ, ಅದರಲ್ಲೂ ಒರಟು ಮೀಡಿಯಾ ಆದರೆ, ಪಿಎಚ್ 6.5 ಮತ್ತು 6.6ರ ಆಸುಪಾಸಿನಲ್ಲಿರಬೇಕು. 6.8ಕ್ಕೆ ಏರಿಸಿ ಹರಿವನ್ನೂ ಅರ್ಧಕ್ಕಿಳಿಸಿದರೆ ತೊಟ್ಟಿಯ ಕ್ಷಾರೀಯತೆ ಒಂದು ವಾರದಲ್ಲಿ ಕೆಳಗೆ ಜಾರುವುದು ಬಹುತೇಕ ಖಚಿತ. ಸ್ಥಿರವಾಗಿರುವ ಕ್ಷಾರೀಯತೆಯನ್ನು ಬಲಿಕೊಟ್ಟು ಪಿಎಚ್‌ನ ಅಂಕಿಯನ್ನು ಅಲಂಕರಿಸುವುದು ಅಕ್ರೊಪೊರಾಕ್ಕೆ ಹಿತವಲ್ಲ. ಇನ್ನೊಂದು ಕಡೆ 6.3ಕ್ಕಿಂತ ಕೆಳಕ್ಕೆ ಹೋದರೆ ಮೀಡಿಯಾ ಕೆಸರಾಗಿ ಕೊಳವೆ ಕಟ್ಟಿಕೊಳ್ಳುತ್ತದೆ. ಆಡಿಸಲು ಉಳಿಯುವ ಅಂತರ ಬಹಳ ಕಿರಿದು.

ನಿಮ್ಮ ಬರಹದಲ್ಲಿ ನನ್ನ ಗಮನ ಸೆಳೆದದ್ದು ಬೇರೆಯೇ ಒಂದು ವಿವರ. ರಿಯಾಕ್ಟರ್ ಕೂರಿಸಿದ್ದು ಅಕ್ಟೋಬರ್ ಕೊನೆಯಲ್ಲಿ ಎಂದಿದ್ದೀರಿ. ಮಿನೆಸೋಟದಲ್ಲಿ ಮನೆಯ ಕಿಟಕಿಗಳನ್ನು ಮುಚ್ಚಿ ಹೀಟರ್ ಹಾಕುವ ಕಾಲವೂ ಅದೇ ಅಲ್ಲವೇ? ಅದೇ ಹೊತ್ತಿಗೆ ಸೋಡಿಯಂ ಕಾರ್ಬೊನೇಟನ್ನೂ ನಿಲ್ಲಿಸಿದ್ದೀರಿ. ಅದು ಕ್ಷಾರೀಯತೆಯ ಜೊತೆಗೆ ಪಿಎಚ್ ಅನ್ನೂ ಏರಿಸುವ ವಸ್ತು. ಹೀಗೆ ಒಂದೇ ಸಮಯದಲ್ಲಿ ಮೂರು ಬದಲಾವಣೆಗಳು ನಡೆದಿರುವಾಗ ಅಪರಾಧವನ್ನೆಲ್ಲ ರಿಯಾಕ್ಟರಿನ ಮೇಲೆ ಹೊರಿಸುವುದು ನ್ಯಾಯವಲ್ಲ.

ನಿಮ್ಮಲ್ಲಿ ಚಳಿಗಾಲದಲ್ಲಿ ಆಗುವುದು ನಮ್ಮಲ್ಲಿ ಬೇಸಿಗೆಯಲ್ಲಿ ಆಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಕಿಟಕಿ ತೆರೆಯುವಂತಿಲ್ಲ. ಗೋಡೆಯ ಎಸಿ ಕೋಣೆಯೊಳಗಿನ ಗಾಳಿಯನ್ನೇ ಸುತ್ತಿಸಿ ತಂಪು ಮಾಡುತ್ತದೆಯೇ ಹೊರತು ಹೊಸ ಗಾಳಿಯನ್ನು ತರುವುದಿಲ್ಲ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು 420 ಭಾಗದಷ್ಟಿದ್ದರೆ, ಜನರು ಮಲಗಿರುವ ಮುಚ್ಚಿದ ಮನೆಯಲ್ಲಿ ಅದು ಸಾವಿರವನ್ನು ದಾಟುವುದು ಸಾಮಾನ್ಯ. ಸ್ಕಿಮ್ಮರ್ ಎಷ್ಟೇ ದೊಡ್ಡದಾಗಿರಲಿ, ಅದು ನೀರನ್ನು ಕೋಣೆಯ ಗಾಳಿಯೊಂದಿಗೆ ಸಮತೋಲನಕ್ಕೆ ತರಬಲ್ಲದೇ ವಿನಾ ಅದಕ್ಕಿಂತ ಮೇಲಕ್ಕೆ ಒಯ್ಯಲಾರದು. ಗಾಳಿಯಲ್ಲಿ ಈ ಅನಿಲ ಇಮ್ಮಡಿಯಾದರೆ ಅದೇ ಕ್ಷಾರೀಯತೆಯಲ್ಲಿ ತೊಟ್ಟಿಯ ಪಿಎಚ್ ಸರಿಸುಮಾರು ಕಾಲು ಅಂಶದಷ್ಟು ಇಳಿಯುತ್ತದೆ. ನಮ್ಮ ಮನೆಗೆ ಹಬ್ಬಕ್ಕೆ ನೆಂಟರು ತುಂಬಿಕೊಂಡು, ಅಡುಗೆಮನೆಯ ಗ್ಯಾಸ್ ಒಲೆ ದಿನವಿಡೀ ಉರಿದ ದಿನಗಳನ್ನು ಪಿಎಚ್ ಗ್ರಾಫಿನಲ್ಲೇ ಗುರುತಿಸಬಹುದು.

ಆದ್ದರಿಂದ ಯಾವ ತಿರುಪನ್ನೂ ಮುಟ್ಟುವ ಮುಂಚೆ ಒಂದು ಪರೀಕ್ಷೆ ಮಾಡಿ. ತೊಟ್ಟಿಯ ನೀರನ್ನು ಎರಡು ಲೋಟಗಳಲ್ಲಿ ತೆಗೆದುಕೊಂಡು ಎರಡಕ್ಕೂ ಏರ್‌ಸ್ಟೋನ್ (ಗಾಳಿಗುಳ್ಳೆ ಬಿಡುವ ಕಲ್ಲು) ಇಳಿಸಿ. ಒಂದಕ್ಕೆ ನೆಲಮಾಳಿಗೆಯ ಗಾಳಿಯನ್ನೂ ಇನ್ನೊಂದಕ್ಕೆ ಹೊರಗಿನ ಗಾಳಿಯನ್ನೂ ಒಂದು ಗಂಟೆ ಊದಿ, ಬಳಿಕ ಎರಡರ ಪಿಎಚ್ ಅಳೆಯಿರಿ. ನಿಮ್ಮಲ್ಲಿ ಹೊರಗೆ ಹಿಮವಿರುವುದರಿಂದ ಲೋಟವನ್ನು ಹೊರಗಿಡಬೇಡಿ; ನೀರು ತಣ್ಣಗಾದರೆ ಪಿಎಚ್ ತಾನಾಗಿಯೇ ಬದಲಾಗಿ ಹೋಲಿಕೆ ಕೆಡುತ್ತದೆ. ಏರ್ ಪಂಪಿಗೆ ಗಾಳಿ ಹೋಗುವ ಕಡೆಯಿಂದ ಕೊಳವೆಯನ್ನು ಕಿಟಕಿಯಾಚೆ ಹಾಯಿಸಿ. ಹೊರಗಿನ ಗಾಳಿಯಲ್ಲೂ ಪಿಎಚ್ ಏರದಿದ್ದರೆ ಕ್ಷಾರೀಯತೆಯ ಅಳತೆಯೋ ಮೀಟರೋ ತಪ್ಪಿರಬೇಕು. ಹೊರಗಿನ ಗಾಳಿಯಲ್ಲಿ ಏರಿ ಒಳಗಿನ ಗಾಳಿಯಲ್ಲಿ ಏರದಿದ್ದರೆ ಮನೆಯ ಗಾಳಿಯೇ ಕಾರಣ. ಎರಡರಲ್ಲೂ ಸಮನಾಗಿ ಏರಿದರೆ ಮಾತ್ರ ದೋಷ ರಿಯಾಕ್ಟರಿನದೋ ಸ್ಕಿಮ್ಮರಿನದೋ ಎಂದು ಹುಡುಕಲು ಹೊರಡಬಹುದು.

ರಸಾಯನ (ಮೈಸೂರು)

ನಾನು ಹವಳ ಸಾಕಿದವನಲ್ಲ. ರಸಾಯನಶಾಸ್ತ್ರ ಬೋಧಿಸಿ ನಿವೃತ್ತನಾದವನು. ಮಗನ ಮನೆಯಲ್ಲಿ ಇಂಥದೊಂದು ತೊಟ್ಟಿಯನ್ನು ನೋಡಿದಂದಿನಿಂದ ಈ ಚರ್ಚೆಗಳನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ಪ್ರಶ್ನೆ ಕೇಳಿದವರು ಅಂಕಿಗಳನ್ನು ಪೂರ್ತಿಯಾಗಿ ಕೊಟ್ಟಿರುವುದರಿಂದ ಲೆಕ್ಕ ಹಾಕುವುದು ಸಾಧ್ಯವಾಗಿದೆ.

ನಿಮಿಷಕ್ಕೆ 50 ಮಿಲಿಲೀಟರ್ ಎಂದರೆ ದಿನಕ್ಕೆ 72 ಲೀಟರ್. ಹೊರನೀರಿಗೂ ತೊಟ್ಟಿಗೂ ಇರುವ ಕ್ಷಾರೀಯತೆಯ ವ್ಯತ್ಯಾಸ 9 ಡಿಕೆಎಚ್. ಇವೆರಡನ್ನು ಗುಣಿಸಿದರೆ 648. ಅದನ್ನು 450 ಲೀಟರಿಗೆ ಹಂಚಿದರೆ 1.44. ತೊಟ್ಟಿಯ ಕ್ಷಾರೀಯತೆ ಸ್ಥಿರವಾಗಿ ನಿಂತಿರುವುದರಿಂದ ನಿಮ್ಮ ಹವಳಗಳು ದಿನವೊಂದಕ್ಕೆ ಬಳಸುತ್ತಿರುವುದೂ ಇಷ್ಟೇ. ಒಂದು ಡಿಕೆಎಚ್ ಎಂದರೆ ಲೀಟರಿಗೆ 17.86 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮ. ಅಂದಮೇಲೆ ದಿನಕ್ಕೆ ಸುಮಾರು 11.6 ಗ್ರಾಂ ಮೀಡಿಯಾ ಕರಗಿ, ಅಷ್ಟೇ ತೂಕ ಹವಳದ ಅಸ್ಥಿಪಂಜರವಾಗಿಯೂ ಪಂಪು-ಕಲ್ಲುಗಳ ಮೇಲಿನ ಕೋರಲೈನ್ ಪಾಚಿಯಾಗಿಯೂ ಕೂರುತ್ತಿದೆ.

ಒಂದು ಅಣು ಕ್ಯಾಲ್ಸಿಯಂ ಕಾರ್ಬೊನೇಟ್ ಕರಗಬೇಕಾದರೆ ಒಂದು ಅಣು ಇಂಗಾಲದ ಡೈಆಕ್ಸೈಡ್ ಬೇಕು. ಎರಡು ಬೈಕಾರ್ಬೊನೇಟ್ ಅಯಾನುಗಳು ಹುಟ್ಟುತ್ತವೆ. ತೂಕದಲ್ಲಿ ಹೇಳುವುದಾದರೆ 11.6 ಗ್ರಾಂಗೆ ಕನಿಷ್ಠ 5.1 ಗ್ರಾಂ ಅನಿಲ. ಮೀಡಿಯಾ ಕರಗಿಸಲು ಬಳಕೆಯಾದ ಅನಿಲ ಅಲ್ಲಿಗೆ ಮುಗಿಯಿತೆಂದು ಹಲವರು ತಿಳಿಯುತ್ತಾರೆ. ಅದು ಮುಗಿಯುವುದಿಲ್ಲ. ಹವಳವು ಅಸ್ಥಿಪಂಜರ ಕಟ್ಟುವಾಗ ಇದೇ ಕ್ರಿಯೆ ಹಿಮ್ಮುಖವಾಗಿ ನಡೆದು, ಎರಡು ಬೈಕಾರ್ಬೊನೇಟ್‌ಗಳಲ್ಲಿ ಒಂದು ಕಾರ್ಬೊನೇಟಾಗಿ ಕೂತು ಇನ್ನೊಂದು ಇಂಗಾಲದ ಡೈಆಕ್ಸೈಡಾಗಿ ನೀರಿಗೆ ಮರಳುತ್ತದೆ. ಸಿಲಿಂಡರಿನಿಂದ ಹೊರಟ ಅನಿಲವೆಲ್ಲವೂ ಹೀಗೆ ತೊಟ್ಟಿಯ ಮೂಲಕ ಹಾದು ನಿಮ್ಮ ನೆಲಮಾಳಿಗೆಯ ಗಾಳಿಗೇ ಸೇರಬೇಕು, ಅಥವಾ ಪಾಚಿಯಾಗಿ ಬೆಳೆದು ಕೊಯ್ಲಾಗಬೇಕು.

ಇದರ ಮೇಲೆ ಬಳಕೆಯಾಗದೆ ಉಳಿದು ಹೊರನೀರಿನಲ್ಲಿ ಬರುವ ಅನಿಲದ ಭಾರವೂ ಇದೆ. ಸಮುದ್ರದ ನೀರಿನಲ್ಲಿ ಪಿಎಚ್ 6.5 ಇರುವಾಗ ಬೈಕಾರ್ಬೊನೇಟಿನ ಸುಮಾರು ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಪ್ರಮಾಣದ ಸ್ವತಂತ್ರ ಅನಿಲ ಕರಗಿರುತ್ತದೆ. ನಿಮ್ಮ 72 ಲೀಟರಿಗೆ ಅದು ದಿನಕ್ಕೆ 4.3 ಗ್ರಾಂನಷ್ಟಾಗುತ್ತದೆ. ಒಟ್ಟು ಭಾರ 9.4 ಗ್ರಾಂ. ಇದನ್ನು ನೀವೇ ಪರೀಕ್ಷಿಸಬಹುದು: ಸಿಲಿಂಡರಿನ ತೂಕ ತಿಂಗಳಿಗೆ ಸುಮಾರು 280 ಗ್ರಾಂ ಇಳಿಯಬೇಕು. ಅದಕ್ಕಿಂತ ಬಹಳ ಹೆಚ್ಚು ಇಳಿಯುತ್ತಿದ್ದರೆ ಯಾವುದೋ ಜೋಡಣೆ ಸೋರುತ್ತಿದೆ. ಸೋಪಿನ ನೀರು ಸವರಿ ನೋಡಿ.

ಈಗ ಹರಿವಿನ ಬಗ್ಗೆ ಎಡಿಸನ್‌ನವರ ಸಲಹೆಯನ್ನು ಲೆಕ್ಕಕ್ಕೆ ಹಿಡಿಯೋಣ. ಹರಿವನ್ನು 25 ಮಿಲಿಲೀಟರಿಗೆ ಇಳಿಸಿ, ಪಿಎಚ್ 6.6ರಲ್ಲಿ ಹೊರನೀರಿನ ಕ್ಷಾರೀಯತೆಯನ್ನು 26ಕ್ಕೆ ತಂದರೆ ದಿನಕ್ಕೆ 36 ಲೀಟರ್, ವ್ಯತ್ಯಾಸ 18, ಗುಣಲಬ್ಧ ಮತ್ತೆ 648. ಪೂರೈಕೆ ಅಷ್ಟೇ ಉಳಿದು ಹೆಚ್ಚುವರಿ ಅನಿಲ 4.3ರಿಂದ ಸುಮಾರು 2.6 ಗ್ರಾಂಗೆ ಇಳಿಯುತ್ತದೆ. ಒಟ್ಟು ಭಾರ 9.4ರಿಂದ 7.7. ಲಾಭವಿದೆ, ಆದರೆ ದೊಡ್ಡದಲ್ಲ. ಜೊತೆಗೆ, ಹರಿವನ್ನು ಇಳಿಸಿದ ಮಾತ್ರಕ್ಕೆ 26 ಬಂದೇ ಬರುತ್ತದೆಂದು ಹೇಳಲಾಗದು. ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ತುಂಬುತ್ತಾ ಹೋದಂತೆ ಮೀಡಿಯಾ ಕರಗುವ ವೇಗ ಕುಗ್ಗುತ್ತದೆ. 22ರಲ್ಲೇ ನಿಂತರೆ ಮೀಡಿಯಾದ ಪ್ರಮಾಣ ಹೆಚ್ಚಿಸಬೇಕು, ಇಲ್ಲವೇ ಅದಕ್ಕಿಂತ ಸಣ್ಣ ಹರಳುಗಳನ್ನು ಬಳಸಬೇಕು. ಪಿಎಚ್ ಅನ್ನು ಇನ್ನೂ ಕೆಳಕ್ಕೆ ತಳ್ಳುವುದು ಕೊನೆಯ ಉಪಾಯ.

ದೊಡ್ಡ ಲಾಭ ಬೇಕಾದರೆ ಪೂರೈಕೆಯ ಒಂದು ಪಾಲನ್ನು ಸುಣ್ಣದ ತಿಳಿನೀರಿಗೆ, ಅಂದರೆ ನೀವು ಕಾಲ್ಕ್‌ವಾಸರ್ ಎನ್ನುವುದಕ್ಕೆ, ವಹಿಸಿ. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ರಿಯಾಕ್ಟರಿಗೆ ತೀರಾ ವಿರುದ್ಧ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ಅನಿಲವನ್ನು ಬಿಡುವ ಬದಲು ಹೀರಿಕೊಳ್ಳುತ್ತದೆ. ತೊಟ್ಟಿಯಿಂದ ದಿನಕ್ಕೆ 5 ಲೀಟರ್ ನೀರು ಆವಿಯಾಗುತ್ತದೆ ಎಂದುಕೊಳ್ಳೋಣ. ಆ ಬದಲಿ ನೀರಿಗೆ ಲೀಟರಿಗೆ 1 ಗ್ರಾಂನಂತೆ ಸುಣ್ಣ ಬೆರೆಸಿದರೆ 5 ಗ್ರಾಂ ಸುಣ್ಣ 6.8 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮನಾಗುತ್ತದೆ. ನಿಮ್ಮ ಅಗತ್ಯದ ಅರ್ಧಕ್ಕಿಂತ ಹೆಚ್ಚು. ಅದು ಹವಳವಾಗಿ ಕೂರುವ ಹೊತ್ತಿಗೆ ನಿವ್ವಳ 3 ಗ್ರಾಂ ಅನಿಲವನ್ನು ನೀರಿನಿಂದ ತೆಗೆದಿರುತ್ತದೆ. ರಿಯಾಕ್ಟರಿಗೆ ಉಳಿಯುವುದು 4.8 ಗ್ರಾಂನ ಕೆಲಸ. ಅದಕ್ಕೆ ಬೇಕಾದ ಅನಿಲ 2.1 ಗ್ರಾಂ, ಹೆಚ್ಚುವರಿ 1.1 ಗ್ರಾಂ, ಒಟ್ಟು 3.2. ಒಂದು ಕಡೆ 3.2 ಸೇರಿ ಇನ್ನೊಂದು ಕಡೆ 3 ಹೋದರೆ ಭಾರ ಬಹುತೇಕ ಇಲ್ಲವಾಗುತ್ತದೆ. ಆದರೂ ಮನೆಯ ಗಾಳಿ ಕೆಟ್ಟಿದ್ದರೆ ಅದು ತನ್ನ ಪಾಲಿನ ಅನಿಲವನ್ನು ತುಂಬುತ್ತಲೇ ಇರುವುದರಿಂದ ಶಾರ್ಜಾದವರು ಹೇಳಿದ ಪರೀಕ್ಷೆಯನ್ನು ಬಿಡಬೇಡಿ.

ಹವಳದೋಟ (ಮಿನಿಯಾಪೊಲಿಸ್)

ಮೂವರಿಗೂ ಕೃತಜ್ಞತೆಗಳು. ಪರೀಕ್ಷೆ ಮುಗಿಸಿ ಬರೆಯುತ್ತಿದ್ದೇನೆ. ಪರೀಕ್ಷೆಗೆ ಮುನ್ನ ಮೀಟರನ್ನು 7 ಮತ್ತು 10ರ ದ್ರಾವಣಗಳಲ್ಲಿ ಸರಿಹೊಂದಿಸಿಕೊಂಡೆ. ನೆಲಮಾಳಿಗೆಯ ಗಾಳಿ ಊದಿದ ಲೋಟದಲ್ಲಿ ಪಿಎಚ್ 7.88ಕ್ಕೆ ಬಂದು ನಿಂತಿತು. ಹೊರಗಿನ ಗಾಳಿ ಊದಿದ್ದರಲ್ಲಿ 8.27. ಸ್ನೇಹಿತರಿಂದ ಗಾಳಿ ಅಳೆಯುವ ಮಾನಿಟರ್ ತಂದು ತೊಟ್ಟಿಯ ಪಕ್ಕದಲ್ಲಿ ಇಟ್ಟಾಗ ಅದು ಮುಂಜಾನೆ ಹತ್ತು ಲಕ್ಷಕ್ಕೆ 1,250 ಭಾಗ ತೋರಿಸಿತು. ಬೇಸಿಗೆಯ ಪಿಎಚ್ ಎಲ್ಲಿ ಹೋಯಿತೆಂಬುದು ಈಗ ತಿಳಿಯಿತು.

ಇನ್ನೆರಡು ಸಂದೇಹಗಳಿವೆ. ಸ್ಕಿಮ್ಮರಿಗೆ ಹೊರಗಿನಿಂದ ಗಾಳಿ ತರೋಣವೆಂದರೆ ಇಲ್ಲಿ ಉಷ್ಣತೆ ಸೊನ್ನೆಯ ಕೆಳಗೆ 20 ಡಿಗ್ರಿಗೂ ಇಳಿಯುತ್ತದೆ. ಕೊಳವೆ ಹೆಪ್ಪುಗಟ್ಟುವುದಿಲ್ಲವೇ, ತೊಟ್ಟಿ ತಣ್ಣಗಾಗುವುದಿಲ್ಲವೇ? ಸುಣ್ಣದ ತಿಳಿನೀರನ್ನು ನೀರು ತುಂಬುವ ಆಟೋ ಟಾಪ್-ಆಫ್ ಪೆಟ್ಟಿಗೆಯಲ್ಲೇ ಬೆರೆಸಬಹುದೇ? ಹೀಟರಿನ ಒಣಗಾಳಿಯಿಂದ ಈಗ ದಿನಕ್ಕೆ ಐದು ಲೀಟರಿಗೂ ಹೆಚ್ಚು ನೀರು ಆವಿಯಾಗುತ್ತಿದೆ.

ಕಡಲತಡಿ (ಶಾರ್ಜಾ)

ನಿಮ್ಮ ಅಂಕಿಗಳನ್ನು ಹೀಗೆ ಓದಬೇಕು: 8.27ಕ್ಕೂ 7.88ಕ್ಕೂ ಇರುವ ಅಂತರ ಮನೆಯ ಗಾಳಿಯದು, 7.88ರಿಂದ ಬೆಳಗಿನ 7.7ರವರೆಗಿನದು ಮಾತ್ರ ರಿಯಾಕ್ಟರ್ ಮತ್ತು ರಾತ್ರಿ ಜೀವಿಗಳ ಉಸಿರಾಟದ್ದು. ಮೂರರಲ್ಲಿ ಎರಡು ಪಾಲು ಗಾಳಿಯಿಂದಲೇ ಬಂದಿರುವಾಗ ಚಿಕಿತ್ಸೆಯನ್ನೂ ಅಲ್ಲಿಂದಲೇ ಆರಂಭಿಸಬೇಕು.

ಹೊರಗಿನ ಗಾಳಿ ಎಷ್ಟೇ ತಣ್ಣಗಿದ್ದರೂ ಅದರಲ್ಲಿ ತೇವಾಂಶ ಬಹಳ ಕಡಿಮೆ. ಆದ್ದರಿಂದ ಕೊಳವೆಯ ಒಳಗೆ ನೀರು ನಿಲ್ಲುವುದಿಲ್ಲ. ಕೊಳವೆಯ ಹೊರಮೈ ತಣ್ಣಗಾಗಿ ಅದರ ಮೇಲೆ ಮನೆಯ ತೇವ ಕೂತು ತೊಟ್ಟಿಕ್ಕುತ್ತದೆ; ಅದಕ್ಕೆ ಪೈಪಿಗೆ ಸುತ್ತುವ ಫೋಮ್ ಸಾಕು. ತೊಟ್ಟಿಯ ಶಾಖ ಅಲ್ಪಸ್ವಲ್ಪ ನಷ್ಟವಾದರೂ ನಿಮ್ಮ ಹೀಟರ್ ಅದನ್ನು ಭರಿಸುತ್ತದೆ. ಕೊಳವೆಯ ಬಾಯಿಯನ್ನು ಫರ್ನೇಸಿನ ಹೊಗೆನಳಿಗೆಯಿಂದಲೂ ಕಾರು ನಿಲ್ಲಿಸುವ ಜಾಗದಿಂದಲೂ ದೂರವಿಡಿ, ಕೀಟಗಳು ನುಗ್ಗದಂತೆ ಜಾಲರಿ ಕಟ್ಟಿ. ಉದ್ದದ ಕೊಳವೆಯಾದರೆ ಅಗಲವೂ ಹೆಚ್ಚಿರಬೇಕು. ಇಲ್ಲವಾದರೆ ಸ್ಕಿಮ್ಮರ್ ಎಳೆಯುವ ಗಾಳಿ ಕಡಿಮೆಯಾಗಿ ನೊರೆ ಬೀಳುತ್ತದೆ. ನಿಮ್ಮ ಮನೆಯಲ್ಲಿ ಗಾಳಿ ಬದಲಿಸುವ ಯಂತ್ರ ಅಳವಡಿಸಿದ್ದರೆ ಅದನ್ನು ಹೆಚ್ಚು ಹೊತ್ತು ನಡೆಸಿ ನೋಡಿ. ಅದು ಮನೆಮಂದಿಗೂ ಒಳ್ಳೆಯದು.

ಗೋಡೆ ಕೊರೆಯಲು ಆಗದ ಬಾಡಿಗೆ ಮನೆಯವರಿಗೆ ಇನ್ನೊಂದು ದಾರಿಯಿದೆ, ನಾನು ಬಳಸುತ್ತಿರುವುದೂ ಅದನ್ನೇ: ಸ್ಕಿಮ್ಮರಿನ ಗಾಳಿ, ಇಂಗಾಲದ ಡೈಆಕ್ಸೈಡ್ ಹೀರುವ ಸೋಡಾ ಲೈಮ್ ತುಂಬಿದ ಡಬ್ಬಿಯ ಮೂಲಕ ಹಾದು ಬರುವಂತೆ ಮಾಡುವುದು. ಆಸ್ಪತ್ರೆಗಳಲ್ಲಿ ಅರಿವಳಿಕೆ ಯಂತ್ರಕ್ಕೆ ಬಳಸುವ ವಸ್ತುವೇ ಇದು. ಬಣ್ಣ ಬದಲಾಗುವ ಬಗೆಯನ್ನು ಕೊಂಡರೆ ಹರಳುಗಳು ನೇರಳೆಗೆ ತಿರುಗಿದಾಗ ಶಕ್ತಿ ಮುಗಿಯಿತೆಂದು ಗೊತ್ತಾಗುತ್ತದೆ. ಬೇಗ ಮುಗಿಯುತ್ತದೆ ಎಂಬುದೇ ಇದರ ದೋಷ. ಸ್ಕಿಮ್ಮರಿನ ಕಪ್ಪಿನಿಂದ ಹೊರಬರುವ ಗಾಳಿಯನ್ನೇ ಮತ್ತೆ ಡಬ್ಬಿಗೆ ತಿರುಗಿಸಿದರೆ ಹೆಚ್ಚು ದಿನ ಬಾಳುತ್ತದೆ.

ಸುಣ್ಣದ ತಿಳಿನೀರನ್ನು ಆಟೋ ಟಾಪ್-ಆಫ್ ಪೆಟ್ಟಿಗೆಗೆ ಬೆರೆಸಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ, ಬೆರೆಸಿಯೂ ಸುಖವಾಗಿರುವವರು ಅನೇಕರಿದ್ದಾರೆ ಎಂಬುದು ಗೊತ್ತಿದ್ದೇ ಹೇಳುತ್ತಿದ್ದೇನೆ. ಅದರ ಫ್ಲೋಟ್ ಸ್ವಿಚ್ ಎಂದಾದರೊಂದು ದಿನ ಅಂಟಿಕೊಂಡರೆ ಬರೀ ನೀರಾದಲ್ಲಿ ಲವಣಾಂಶ ಇಳಿಯುತ್ತದೆ, ಸುಣ್ಣದ ನೀರಾದಲ್ಲಿ ಪಿಎಚ್ 9 ದಾಟಿ ತೊಟ್ಟಿ ಹಾಲಿನಂತಾಗುತ್ತದೆ. ಪ್ರತ್ಯೇಕ ಡಬ್ಬಿಯಲ್ಲಿ ಕಲಕಿ, ಮುಚ್ಚಳ ಬಿಗಿದು, ಗಸಿ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಡೋಸಿಂಗ್ ಪಂಪಿನಿಂದ ಇಪ್ಪತ್ತನಾಲ್ಕು ಗಂಟೆಗಳಿಗೆ ಹಂಚಿ ಹಾಕಿ. ರಾತ್ರಿಯ ಪಾಲು ತುಸು ಹೆಚ್ಚಿರಲಿ. ಪಂಪಿನ ಕೊಳವೆ ಡಬ್ಬಿಯ ತಳ ಮುಟ್ಟದಿರಲಿ. ಗಾಳಿಗೆ ತೆರೆದಿಟ್ಟರೆ ಮೇಲೆ ಕೆನೆಗಟ್ಟಿ ಶಕ್ತಿ ಕುಗ್ಗುತ್ತದೆ. ತಿಳಿನೀರಿನ ಪಿಎಚ್ 12ರ ಮೇಲಿರುವುದರಿಂದ ಕೈಗವಸು ಮತ್ತು ಕನ್ನಡಕ ಅಗತ್ಯ. ರಿಯಾಕ್ಟರಿನ ಹೊರನೀರು ಬೀಳುವ ಜಾಗದಲ್ಲೇ ಇದನ್ನೂ ಬಿಡಬೇಡಿ. ಎರಡೂ ಎದುರಾದಲ್ಲಿ ಸುಣ್ಣದ ಪುಡಿ ಉದುರಿ ಪಂಪಿನ ಮೇಲೆ ಕೂರುತ್ತದೆ.

ಉಪ್ಪುನೀರು (ಎಡಿಸನ್, ನ್ಯೂಜೆರ್ಸಿ)

ಮೈಸೂರಿನವರ ಲೆಕ್ಕ ನೋಡಿದ ಮೇಲೆ 6.8ರ ಸಲಹೆಯನ್ನು ಹಿಂತೆಗೆದುಕೊಳ್ಳುತ್ತೇನೆ. ನನ್ನ ರಿಯಾಕ್ಟರಿನಲ್ಲಿ ಎರಡು ಕೊಳವೆಗಳೂ ಸಣ್ಣ ಹರಳಿನ ಮೀಡಿಯಾವೂ ಇರುವುದರಿಂದ ಅಷ್ಟಕ್ಕೆ ಕೆಲಸ ನಡೆಯುತ್ತಿದೆ. ಒರಟು ಮೀಡಿಯಾದ ಒಂಟಿ ಕೊಳವೆಗೆ ಅದು ಹೊಂದದು.

ಕಂಟ್ರೋಲರ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಸೊಲೆನಾಯ್ಡ್ ಗಂಟೆಗೆ ಹತ್ತು ಸಲ ತೆರೆದು ಮುಚ್ಚುವಂತೆ ಬಿಡುವುದಕ್ಕಿಂತ, ನೀಡಲ್ ವಾಲ್ವನ್ನು ಗುಳ್ಳೆಗಳು ಎಡೆಬಿಡದೆ ಹೋಗುವಂತೆ ಹೊಂದಿಸಿ, ರಿಯಾಕ್ಟರ್ ತಾನಾಗಿಯೇ 6.6ರ ಸುತ್ತ ನಿಲ್ಲುವಂತೆ ಮಾಡಿ, ಕಂಟ್ರೋಲರನ್ನು 6.4ಕ್ಕೆ ಇಟ್ಟು ಅಪಾಯದ ವೇಳೆ ಮಾತ್ರ ಅನಿಲ ನಿಲ್ಲಿಸುವ ಕಾವಲಾಗಿ ಬಳಸುವುದು ಉತ್ತಮ. ಹೊರನೀರಿನ ಹರಿವನ್ನು ಸಣ್ಣ ವಾಲ್ವಿನಿಂದ ನಿಯಂತ್ರಿಸುತ್ತಿದ್ದರೆ ಅದು ಕಸ ಕಟ್ಟಿಕೊಂಡು ದಿನೇದಿನೇ ಬದಲಾಗುತ್ತದೆ. ಸತತವಾಗಿ ನಡೆಯುವ ಪೆರಿಸ್ಟಾಲ್ಟಿಕ್ ಪಂಪು ಇದ್ದರೆ 25 ಎಂದರೆ 25ರಲ್ಲೇ ಇರುತ್ತದೆ. ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ, ಎರಡು-ಮೂರು ದಿನ ಒಂದೇ ಹೊತ್ತಿನಲ್ಲಿ ತೊಟ್ಟಿಯ ಕ್ಷಾರೀಯತೆ ಅಳೆದ ಮೇಲೆ ಮುಂದಿನದಕ್ಕೆ ಕೈ ಹಾಕಿ. ಸುಣ್ಣದ ನೀರು ಆರಂಭಿಸುವಾಗ ಕಾಲು ಪಾಲಿನಿಂದ ಶುರುಮಾಡಿ, ಅದು ಏರಿದಂತೆ ರಿಯಾಕ್ಟರಿನ ಹರಿವನ್ನು ಇಳಿಸುತ್ತಾ ಬನ್ನಿ.

ರಿಯಾಕ್ಟರಿನ ಪ್ರೋಬನ್ನು 7 ಮತ್ತು 4ರ ದ್ರಾವಣಗಳಲ್ಲಿ ಹೊಂದಿಸಬೇಕು, ತೊಟ್ಟಿಯದರಂತೆ 7 ಮತ್ತು 10ರಲ್ಲಿ ಅಲ್ಲ. ವರ್ಷ-ಎರಡು ವರ್ಷಕ್ಕೆ ಪ್ರೋಬು ಮಂದವಾಗುತ್ತದೆ. ಅದರ ಮೇಲೆ ಅನುಮಾನ ಬಂದಾಗ ಹೊರನೀರಿನ ಕ್ಷಾರೀಯತೆಯನ್ನು ನಂಬಿ: ಲೋಟದಲ್ಲಿ ನಿಂತ ನೀರಿನಿಂದ ಅನಿಲ ಹಾರಿ ಪಿಎಚ್ ಏರಬಹುದು, ಆದರೆ ಸುಣ್ಣ ಉದುರದ ಹೊರತು ಕ್ಷಾರೀಯತೆ ಬದಲಾಗುವುದಿಲ್ಲ. ಕಿಟ್‌ನ ಅಳತೆ ಮೀರುತ್ತಿದ್ದರೆ ಅರ್ಧದಷ್ಟೇ ನೀರು ತೆಗೆದುಕೊಂಡು ಬಂದ ಉತ್ತರವನ್ನು ಇಮ್ಮಡಿಸಿ.

ಸಿಲಿಂಡರಿನ ಒತ್ತಡಮಾಪಕ ನೋಡಿ ಅನಿಲ ಎಷ್ಟಿದೆಯೆಂದು ಅಂದಾಜು ಮಾಡಬೇಡಿ. ಒಳಗೆ ದ್ರವರೂಪದ ಇಂಗಾಲದ ಡೈಆಕ್ಸೈಡ್ ಇರುವವರೆಗೂ ಮುಳ್ಳು ಸುಮಾರು 800 ಪಿಎಸ್‌ಐನಲ್ಲೇ ನಿಂತಿರುತ್ತದೆ, ದ್ರವ ಮುಗಿದ ಮೇಲೆ ಸರ್ರನೆ ಇಳಿಯುತ್ತದೆ. ಒಂದೇ ಹಂತದ ರೆಗ್ಯುಲೇಟರ್ ಆದರೆ ಆ ಹೊತ್ತಿನಲ್ಲಿ ಹೊರಹೋಗುವ ಒತ್ತಡ ಏರಿ ರಿಯಾಕ್ಟರಿಗೆ ಅನಿಲ ನುಗ್ಗುತ್ತದೆ. ನಿಮ್ಮ ರೆಗ್ಯುಲೇಟರ್ ಒಂದು ಹಂತದ್ದೋ ಎರಡು ಹಂತದ್ದೋ ಎಂಬುದನ್ನು ನೋಡಿ ತಿಳಿಸಿ. ಒಂದು ಹಂತದ್ದಾದರೆ ಸಿಲಿಂಡರಿನ ತೂಕ ಖಾಲಿ ತೂಕಕ್ಕಿಂತ ಇನ್ನೂ ಮುಕ್ಕಾಲು ಕಿಲೋದಷ್ಟು ಹೆಚ್ಚಿರುವಾಗಲೇ ತುಂಬಿಸಿಕೊಂಡು ಬರುವುದು ಕ್ಷೇಮ.